ಅರಿಸಿನದ ಕಾಗದ

ಲಿಟ್ಮಸ್ ಮುಗಿದು ಎರಡು ತಿಂಗಳು.
ಶಿವಮೊಗ್ಗಕ್ಕೆ ಕಳಿಸಿದ ಇಂಡೆಂಟು
ಯಾವ ಮೇಜಿನ ಮೇಲೆ ಯಾವ ಲೋಟದಡಿಗೆ
ಚಹಾದ ಉಂಗುರ ತೊಟ್ಟು ಕೂತಿದೆಯೋ.
ಹತ್ತನೇ ಬಿ ವಿಭಾಗಕ್ಕೆ ಹೇಳಿದೆ:
ನಾಳೆ ನಿಮ್ಮ ಅಡುಗೆಮನೆಯೇ ಲ್ಯಾಬು,
ಹುಳಿಯಾದದ್ದು, ಜಾರುವಂಥದ್ದು, ಸಿಕ್ಕಿದ್ದು ತನ್ನಿ.
ರಾತ್ರಿ ಫಿಲ್ಟರ್ ಪೇಪರಿಗೆ ಅರಿಸಿನ ಬಳಿದು
ಬಟ್ಟೆಹಗ್ಗಕ್ಕೆ ಕ್ಲಿಪ್ಪು ಹಾಕಿ ಒಣಗಿಸಿದೆ.
ಪಕ್ಕದ ಮನೆಯವರು ಕೇಳಿದರು, ಯಾರ ಮದುವೆ?

ಬಂದವು, ಆನಂದಪುರದ ಮೂಲೆಮೂಲೆಯಿಂದ:
ಲೋಬೋನ ಬಾಟಲಿಯಲ್ಲಿ ವಾಟೆಹುಳಿ ನೆನೆದ ನೀರು,
ಮುರುಗಲ ಸಿಪ್ಪೆ, ಹಳಸಿದ ಮಜ್ಜಿಗೆ, ಒಲೆಬೂದಿಯ ತಿಳಿ,
ಯಾರದೋ ಅಜ್ಜನ ಎದೆಯುರಿಯ ಗುಳಿಗೆ, ಕದ್ದದ್ದು.
ಅಂಟುವಾಳದ ನೊರೆ ಕಂಡು ಎಲ್ಲರೂ ಪಂಥ ಕಟ್ಟಿದರು,
ಕೆಂಪಾಗುತ್ತೆ, ಕೆಂಪಾಗುತ್ತೆ.
ಕಾಗದ ಹಳದಿಯಾಗೇ ಉಳಿಯಿತು.
ಬರೆದುಕೊಳ್ಳಿ, ಅಂದೆ: ಜಾರಿದ್ದೆಲ್ಲ ಕ್ಷಾರವಲ್ಲ.
ಬೀರೇಶ ಚಗಳಿ ಇರುವೆಯ ಗೂಡನ್ನೇ ತಂದಿದ್ದ.
ಹಲಗೆಯ ಮೇಲೆ ಫಾರ್ಮಿಕ್ ಆಮ್ಲ ಎಂದು ಬರೆಯುವಷ್ಟರಲ್ಲಿ
ಪಾಠ ಮುಂದಿನ ಬೆಂಚಿನ ಕಾಲು ಹತ್ತಿತ್ತು.

ಇಂಚರಾ ಬರಿಗೈ.
ಹೆಸರಷ್ಟೇ ಇಂಚರ, ಮಾತು ತಿಂಗಳಿಗೊಂದು.
"ಅವ್ವನ್ನೇ ಕರ್ಕಂಡು ಬಂದೀನಿ ಮೇಡಂ."

ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಹಾಲಮ್ಮ,
ಸೆರಗಿನಲ್ಲಿ ಸುಟ್ಟ ಚಿಪ್ಪಿನ ನಾಲ್ಕು ಹೆಂಟೆ.
ಭಟ್ಕಳದ ಕಡೆಯಿಂದ ಘಟ್ಟ ಹತ್ತಿ ಬರುವ ಚಿಪ್ಪು,
ಕೆರೆ ಏರಿಯ ಹಿಂದೆ ಭಟ್ಟಿ,
ಅಲ್ಲಿ ಇಪ್ಪತ್ತೆರಡು ವರ್ಷ.
"ದೂರ ನಿಲ್ರಿ ಮಕ್ಳೇ, ಕಣ್ಣು ಜ್ವಾಕೆ.
ಇದು ಮೊದ್ಲು ನೀರು ಕುಡೀತದೆ, ಆಮೇಲೆ ಸಿಟ್ಟಾಗ್ತದೆ."
ತಗಡಿನ ಬಕೆಟ್ಟು ಬುಸುಗುಟ್ಟಿತು.
ಹೆಂಟೆ ಬಿರಿದು, ಉಬ್ಬಿ, ಹಿಟ್ಟಾಗಿ,
ಆವಿ ಕಿಟಕಿಯ ಸರಳು ದಾಟಿತು.
ಪುಸ್ತಕದಲ್ಲಿ ಇದೆಲ್ಲ ಒಂದೇ ಸಾಲು:
ಉಷ್ಣ ಬಿಡುಗಡೆಯಾಗುತ್ತದೆ.

ಲೋಬೋ ಕೇಳಿದ, ಸುಣ್ಣ ಸಿಡಿದರೆ ನಿಂಬೆಹುಳಿ ಹಿಂಡಬಹುದಾ?
ಆಮ್ಲ, ಪ್ರತ್ಯಾಮ್ಲ, ಲವಣ ಮತ್ತು ನೀರು,
ಲೆಕ್ಕ ಸರಿಯಾಗಿಯೇ ಇತ್ತು ಹುಡುಗನದು.
ನಾನು ಬಾಯಿ ತೆರೆಯುವ ಮೊದಲೇ ಹಾಲಮ್ಮ:
"ಬರೀ ನೀರು ಕಣಪ್ಪ. ಕೊಡಗಟ್ಲೆ ನೀರು.
ಹುಳಿಗೂ ಸುಣ್ಣಕ್ಕೂ ಜಗಳ ಹಚ್ಚಿದ್ರೆ
ಬೇಯೋದು ನಿನ್ನ ಚರ್ಮ."

ಆಗ ಇಂಚರಾ, ತಿಂಗಳ ಎರಡನೇ ಮಾತು:
"ರೇಷನ್ ಅಂಗಡಿ ಮಿಷನ್ನು ಅವ್ವನ ಹೆಬ್ಬೆಟ್ಟು ಹಿಡಿಯಲ್ಲ.
ಒರೆಸಿ ಇಡು ಅಂತಾರೆ, ಎಣ್ಣೆ ಹಚ್ಚು ಅಂತಾರೆ,
ನಾಳೆ ಬಾ ಅಂತಾರೆ.
ಯಾಕೆ ಅಂತ ಪುಸ್ತಕದಾಗೆ ಐತಾ ಮೇಡಂ?"

ಪುಸ್ತಕದಲ್ಲಿದೆ: ಕ್ಷಾರಗಳು ಮುಟ್ಟಲು ನುಣುಪು.
ಹದಿನೇಳು ವರ್ಷ ಓದಿ ಹೇಳಿದ ವಾಕ್ಯ.
ಆ ನುಣುಪು ಸುಣ್ಣದ್ದಲ್ಲ ಎಂದು ಹೇಳಿರಲಿಲ್ಲ ನಾನು;
ನಮ್ಮದೇ ಚರ್ಮದ ಜಿಡ್ಡು
ಸೋಪಾಗಿ ಬೆರಳು ಬಿಟ್ಟು ಹೋಗುತ್ತಿರುವುದು.
ದಿನಕ್ಕಿಷ್ಟು ಜಿಡ್ಡು, ವರ್ಷಕ್ಕಿಷ್ಟು ಗೆರೆ.

ಹಗ್ಗದಿಂದ ತಂದ ಕಾಗದವೊಂದನ್ನು ಮೇಜಿಗಿಟ್ಟೆ.
ಹಾಲಮ್ಮ ಸುಣ್ಣದ ಹಸಿ ಹೆಬ್ಬೆರಳನ್ನು ಊರಿದಳು,
ಅಂಗಡಿಯಲ್ಲಿ ರೂಢಿಯಾದ ಹಾಗೆ, ಉಸಿರು ಹಿಡಿದು.
ಹಳದಿಯಲ್ಲಿ ಕೆಂಪು ಎದ್ದಿತು.
ಗೆರೆಯಿಲ್ಲ, ಸುಳಿಯಿಲ್ಲ, ಬರೀ ಕೆಂಪು.
"ಇದು ಹಿಡೀತು," ಅಂದಳು.
ಲೋಬೋ ವಾಟೆಹುಳಿಯ ಹನಿ ಎತ್ತಿಕೊಂಡು ಬಂದ,
ಮತ್ತೆ ಹಳದಿ ಮಾಡಿ ತೋರಿಸಲು.
ಇಂಚರಾ ಕಾಗದವನ್ನು ಕಿತ್ತುಕೊಂಡಳು.

ಅವಳ ರೆಕಾರ್ಡು ಪುಸ್ತಕ, ಹದಿನಾಲ್ಕನೇ ಪುಟ.
ಪರೀಕ್ಷಿಸಿದ ವಸ್ತು: ಅವ್ವನ ಹೆಬ್ಬೆರಳು.
ಬಣ್ಣ: ಕೆಂಪು.
ತೀರ್ಮಾನ: ಖಾಲಿ.
ಹತ್ತಕ್ಕೆ ಒಂಬತ್ತು ಕೊಟ್ಟು ಸಹಿ ಮಾಡಿದೆ.
ಆ ಒಂದಂಕ ಯಾಕೆ ಕಳೆದೆನೋ ಎಂದುಕೊಳ್ಳುತ್ತ
ರಾತ್ರಿ ಫುಡ್ ಇನ್‌ಸ್ಪೆಕ್ಟರಿಗೆ ಅರ್ಜಿ ಬರೆಯಲು ಕೂತೆ.
ಬೆರಳಚ್ಚು ಮೂಡದಿರಲು ಕಾರಣ, ಎಂಬಲ್ಲಿ
ಪೆನ್ನು ಸ್ವಲ್ಪ ನಿಂತಿತು.
ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಎಂದು ಬರೆದೆ.