ನಾರೆಪ್ಪನ ಎರಡನೆಯ ಸ್ಯಾಂಪಲ್

ಸಂಜೆ ಏಳಕ್ಕೆ ಚಿಂತಾಮಣಿ ಆಸ್ಪತ್ರೆಗೆ
ಟಿಪ್ಪರಿನ ಹಿಂದೆ, ಗೋಣಿಚೀಲದ ಮೇಲೆ ಮಲಗಿಸಿ ತಂದರು.
ಮೂರು ಗಂಟೆ ಬಂಡೆ ಅವನ ತೊಡೆಯ ಮೇಲೆ ಕೂತಿತ್ತಂತೆ.
ಹಾರೆ ಹಾಕಿ ಎತ್ತಿದಾಗ
'ಅಬ್ಬ, ಹಗುರಾಯ್ತು' ಅಂದನಂತೆ.

ಆ ಹಗುರಕ್ಕೇ ನಾನು ಹೆದರುವುದು.
ಒತ್ತಿದ ಕಲ್ಲು ಒಂದು ಲೆಕ್ಕದಲ್ಲಿ ಬಿರಡೆಯೂ ಹೌದು;
ತೆಗೆದ ಮೇಲೆ, ಜಜ್ಜಿದ ಮಾಂಸದ ಕೊಳೆ
ರಕ್ತದ ದಾರಿ ಹಿಡಿದು ಇಳಿದು
ಮೂತ್ರಪಿಂಡದ ಕಣ್ಣುಗಳಿಗೆ ಮೆತ್ತಿಕೊಳ್ಳುತ್ತದೆ,
ಕ್ರಷರಿನ ಜರಡಿಗೆ ಒದ್ದೆ ಹುಡಿ ಮೆತ್ತಿದ ಹಾಗೆ.

ಆದರೆ ಅವನು ಮಾತಾಡುತ್ತಿದ್ದ.
ಬೀಡಿ ಕೇಳಿದ. ತಂಗಿ ಪೆದ್ದಕ್ಕನನ್ನು
'ಕೋಳಿ ಮುಚ್ಚಿ ಬಂದ್ಯಾ' ಎಂದು ಗದರಿದ.
ಮೂಳೆ ಮುರಿದಿಲ್ಲ ಅಂದಿತು ಎಕ್ಸ್‌ರೇ.
ಬಿ.ಪಿ. ಸರಿ, ನಾಡಿ ಪರವಾಗಿಲ್ಲ.
ಡ್ಯೂಟಿ ಡಾಕ್ಟರು ಒಂದು ಸಲೈನು ಬರೆದು, 'ಬೆಳಿಗ್ಗೆ ನೋಡೋಣ' ಅಂದು
ಹಾವು ಕಚ್ಚಿದ ಹುಡುಗನ ಕಡೆ ಓಡಿದರು.

ಲ್ಯಾಬಿನಲ್ಲಿ ನಾನೊಬ್ಬಳೇ.
ಸೆಂಟ್ರಿಫ್ಯೂಜು ಗೊರಗೊರ ಸುತ್ತಿ ನಿಂತಾಗ
ಕೆಂಪು ತಳಕ್ಕಿಳಿದು, ಮೇಲೆ
ರಾಗಿಹುಲ್ಲಿನ ಬಣ್ಣದ ತಿಳಿ.
ಸಿ.ಕೆ. ಇನ್ನೂರರ ಆಸುಪಾಸು ಇರಬೇಕು.
ಮಿಷನ್ನು ಎರಡು ಸಾವಿರದವರೆಗೆ ಎಣಿಸಿ
ಬಾಣದ ಗುರುತೊಂದನ್ನು ತೋರಿಸಿ ಸುಮ್ಮನಾಯಿತು.
ಒಂದು ಪಾಲಿಗೆ ಒಂಬತ್ತು ಪಾಲು ಉಪ್ಪುನೀರು ಬೆರೆಸಿ
ಮತ್ತೆ ಕೊಟ್ಟೆ. ಬಂದದ್ದನ್ನು ಹತ್ತರಿಂದ ಗುಣಿಸಿದೆ:
ಆರು ಸಾವಿರದ ನಾನೂರು.
ಹತ್ತರ ಮಗ್ಗಿ ಎಲ್ಲಕ್ಕಿಂತ ಸುಲಭದ್ದು ಅಂತ
ಮೂರನೇ ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು.

ಒಂದು ಚುಕ್ಕಿಯಿಂದ ಗೆರೆ ಆಗುವುದಿಲ್ಲ.
ಹನ್ನೊಂದಕ್ಕೆ ಮತ್ತೆ ಸೂಜಿ ಹಿಡಿದು ಹೋದೆ.

'ಇನ್ನೂ ಎಷ್ಟು ಸೇದ್ತೀಯಮ್ಮ, ಬಾವಿ ಅಂದ್ಕೊಂಡ್ಯಾ'
ಎಂದು ನಕ್ಕು ತೋಳು ಚಾಚಿದ. ಕೇಳದಿದ್ದರೂ ಹೇಳಿದ:
'ಬಂಡೇನ ಸುತ್ತಿಗೇಲಿ ಹಿಂಗೆ ಮೆಲ್ಲಗೆ ತಟ್ಟಬೇಕು.
ಗಟ್ಟಿ ಕಲ್ಲು ಗಂಟೆ ಹಂಗೆ ಖಣಖಣ ಅಂತೈತೆ.
ಒಳಗೆ ಬಿರುಕಿದ್ರೆ ದೊಪ್ಪಂತೈತೆ, ಸೀಳಿದ ಮಡಕೆ ಹಂಗೆ.
ಮೇಲೆ ಒಂದು ಗೆರೇನೂ ಕಾಣಲ್ಲ.
ಇವತ್ತು ದೊಪ್ ಅಂತು. ಮೇಸ್ತ್ರಿಗೆ ಎರಡು ಸಲ ಹೇಳ್ದೆ.
ನಿನ್ನ ಕಿವಿ ಕೂಲಿ ಕೊಡ್ತೈತಾ, ಒಡಿಯೋ ಅಂದ.'

ಎರಡನೆಯದು: ಇಪ್ಪತ್ತೊಂದು ಸಾವಿರ.
ಪೊಟ್ಯಾಸಿಯಂ ಆರರ ಹೊಸ್ತಿಲು ದಾಟಿತ್ತು.
ಮಂಚದ ಕೆಳಗಿನ ಚೀಲದಲ್ಲಿ ಮೂತ್ರ
ಹಾಲು ಹಾಕದ ಟೀ ಡಿಕಾಕ್ಷನ್ನು, ನಾಲ್ಕು ಚಮಚ.

ಫೋನು ಮಾಡಿದೆ.
'ಚೆನ್ನಾಗೇ ಮಾತಾಡ್ತಿದ್ದಾನಲ್ಲ, ಸ್ಯಾಂಪಲ್ಲೇ ಒಡೆದಿರಬೇಕು.'
ಒಡೆದಿರಲಿಲ್ಲ; ತಿಳಿ ಕೆಂಪಾಗಿರಲಿಲ್ಲ.
ಎರಡನೇ ಸಲ ಮಾಡಿದೆ, ಎಂಗೇಜು.
ಮೂರನೇ ಸಲಕ್ಕೆ ಚೀಟಿ ಹಿಡಿದು ಮೆಟ್ಟಿಲು ಹತ್ತಿದೆ,
ಬರಿಗಾಲಲ್ಲಿ, ಚಪ್ಪಲಿ ಲ್ಯಾಬಿನ ಬಾಗಿಲಲ್ಲೇ.
ಅವರ ಮೇಜಿನ ಮೇಲಿಟ್ಟು ಹೋಗದೆ ನಿಂತೆ.
ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು
ಅಂಕಿಯ ಮೇಲೆ ಬಿತ್ತು. ಅಲ್ಲೇ ಇತ್ತು ಸ್ವಲ್ಪ ಹೊತ್ತು.
'ಸಲೈನು ಪೂರಾ ಬಿಡಿ. ಆಂಬ್ಯುಲೆನ್ಸಿಗೆ ಹೇಳಿ.
ಡಯಾಲಿಸಿಸ್ ಇರೋ ಕಡೆಗೆ.'
ನನ್ನನ್ನು ಬೈಯಲಿಲ್ಲ, ಏನೂ ಅನ್ನಲಿಲ್ಲ.

ಆಮೇಲಿನದು ನನಗೆ ಗೊತ್ತಿಲ್ಲ.
ಕೋಲಾರದ ದಾರಿಯಲ್ಲಿ ಕೆಂಪು ದೀಪ ಸಣ್ಣದಾಯಿತು.
ಪೆದ್ದಕ್ಕ ಬರೆಸಿದ ನಂಬರಿನಲ್ಲಿ
ಒಂಬತ್ತೇ ಅಂಕಿ.

ಉಳಿದ ಸೀರಮ್ ಫ್ರಿಜ್ಜಿನಲ್ಲಿದೆ.
ನಾರೆಪ್ಪ, ೪೬, ಗಂಡು: ನನ್ನದೇ ಕೈಬರಹ.
ಏಳು ದಿನಕ್ಕೆ ಚೆಲ್ಲಬೇಕು, ನಿಯಮ.
ಇವತ್ತಿಗೆ ಎಂಟು.
ತೆಗೆದು ಬೆಳಕಿಗೆ ಹಿಡಿದೆ,
ಉಗುರಿನಿಂದ ಮೆಲ್ಲಗೆ ತಟ್ಟಿ
ಕಿವಿಯ ಹತ್ತಿರ ತಂದೆ.

ಪ್ಲಾಸ್ಟಿಕ್ಕು. ಟಪ್ ಅಂದಿತು, ಅಷ್ಟೆ.
ಮತ್ತೆ ಅಲ್ಲೇ ಇಟ್ಟು ಬಾಗಿಲು ಹಾಕಿದೆ.