ಚೀಟಿಯ ಕೊನೆಯ ಅಕ್ಷರ

ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಅಪ್ಪ
ಒಂದು ದಿನವೂ ದರ ಬಾಯಿಂದ ಆಡಿದವನಲ್ಲ.
ಟವೆಲ್ಲು ಹಾಸಿ, ಅದರಡಿ ಕೈಗೆ ಕೈ ಕೊಟ್ಟು
ಎರಡು ಬೆರಳು ಹಿಚುಕಿದರೆ ಇಷ್ಟು,
ಅಂಗೈ ಗೀರಿದರೆ ಅಷ್ಟು.
ಸುತ್ತ ನಿಂತ ನಲವತ್ತು ಜನಕ್ಕೆ ಕಂಡದ್ದು
ಅಲುಗುವ ಟವೆಲ್ಲು ಮಾತ್ರ.
ಮಾತು ಮುಗಿದದ್ದೇ ಕೊಡವಿ ಹೆಗಲಿಗೇರಿಸುತ್ತಿದ್ದ;
ಅದರಲ್ಲಿ ಒಂದು ಬೆರಳಿನ ಗುರುತೂ ಇಲ್ಲ,
ನಾಲ್ಕು ಎಳೆ ಅರಳೆ, ಬೆವರು.

ಷರಾಫ್ ಬಜಾರಿನ ದೊಡ್ಡಪ್ಪನದು ಬೇರೆ ವಿದ್ಯೆ.
ಸೀರೆಗೆ ಪೋಣಿಸಿದ ಚೀಟಿಯಲ್ಲಿ ಅಸಲು ಬೆಲೆ
ಅಂಕಿಯಲ್ಲಲ್ಲ, ಅಕ್ಷರದಲ್ಲಿ.
ಹತ್ತಕ್ಷರದ ಒಂದು ಮಾತು ಅವನ ತಲೆಯೊಳಗಿತ್ತು,
ಒಂದು ಅಂಕಿಗೆ ಒಂದು ಅಕ್ಷರ, ಯಾವುದೂ ಮರುಕಳಿಸದ ಹಾಗೆ.
ಅದಕ್ಕೇ ಒಂದು ಇಳಕಲ್ಲು ‘ಹವಳ’,
ಒಂದು ವೆಂಕಟಗಿರಿ ‘ಕವಳ’.
‘ಮಗಳ’ ಎಂದಿದ್ದ ಸೀರೆ ನನಗೇ ಬೇಕೆಂದು
ಅಂಗಡಿಯ ಗಾದಿಯ ಮೇಲೆ ಉರುಳಾಡಿ ಅತ್ತಿದ್ದೇನೆ.
ತೆಲುಗಿನ ಗಿರಾಕಿಗಳೂ ಕೂಡಿಸಿ ಓದಿ ನಗುತ್ತಿದ್ದರು,
ಅಸಲು ಮಾತ್ರ ಯಾರಿಗೂ ಸಿಗಲಿಲ್ಲ.

ಒಂದು ಬೆಳಗ್ಗೆ ದೊಡ್ಡಪ್ಪ ಗಲ್ಲೆಯ ಮೇಲೆ ತಲೆಯಿಟ್ಟ,
ಎತ್ತಲಿಲ್ಲ.
ಆರುನೂರು ಸೀರೆ ಮೂಕಾದವು.
ಮಕ್ಕಳು ಖಾತೆ ಪುಸ್ತಕ ಜಾಡಿಸಿದರು, ದಿಂಬಿನ ಗೌಸು ಬಿಚ್ಚಿದರು.
ಹನ್ನೊಂದನೇ ದಿನ ದೊಡ್ಡವ್ವ ನಿಂಬೆವ್ವ,
ಸಹಿಗೆ ಹೆಬ್ಬೆಟ್ಟು ಒತ್ತುವಾಕೆ,
ಜೋಳ ಹಸನು ಮಾಡುವಂತೆ ಚೀಟಿ ಹರವಿಕೊಂಡು ಕೂತಳು.
“ಎಲ್ಲಾದರ ಬಾಲಕ್ಕೂ ಈ ಸುರುಳಿ ಐತಲ್ಲೋ,
ಬೆಲಿ ಅಂದಮ್ಯಾಲೆ ಕಡೀಗಿ ಸೊನ್ನೀನೇ ಬರ್ತೈತಿ.”
ಳ ಸೊನ್ನೆಯಾಯಿತು.
ನೂಲಿನ ತುದಿ ಸಿಕ್ಕಿತ್ತು; ಸಂಜೆಗೆ ಉಂಡೆಯೆಲ್ಲ ಬಿಚ್ಚಿತು.

ನಾನು ರಕ್ತ ಪರೀಕ್ಷೆಯ ಕೇಂದ್ರದಲ್ಲಿದ್ದೇನೆ.
ಒಂಬೈನೂರ ಹನ್ನೆರಡು ಹೆಸರು,
ಪ್ರತಿ ಹೆಸರಿನ ಎದುರು ‘ಇದೆ’.
“ಪಾಸ್‌ವರ್ಡ್ ಹಾಕೀನಲ್ಲ ಮೇಡಂ, ಸಾಲದೇನ್ರಿ?”
ಉರುಕುಂದಮ್ಮ ಕೇಳಿದಳು.
ನೋಡಿದೆ: ಕೇಂದ್ರದ ಹೆಸರು, ಒಂದು ಎರಡು ಮೂರು.
ಬಾಗಿಲಿಗೆ ಬೀಗ, ಚಿಲಕಕ್ಕೇ ಕಟ್ಟಿದ ಕೀಲಿ.

ಹೇಳಬೇಕೆಂದಿದ್ದೆ ಅವಳಿಗೆ,
ಇದು ಮುಚ್ಚುವ ಕೆಲಸವಲ್ಲ, ಹಿಂಜುವ ಕೆಲಸ;
ಅಕ್ಷರವನ್ನು ಹಿಂಜಿ, ಹಿಂಜಿದ್ದನ್ನು ಮತ್ತೆ ಹಿಂಜಿ
ಯಾವ ಎಳೆ ಯಾವ ಕಾಯಿಯದೆಂದು ತಿಳಿಯದ ಹಾಗೆ.
ಅದೇ ಹೆಸರು ಎರಡು ಸಲ ಹಾಕಿದರೆ
ಎರಡು ಬೇರೆ ಮೋಡವಾಗಬೇಕು,
ಬಾಲಕ್ಕೆ ಸುರುಳಿ ಉಳಿಯಬಾರದು
ನಿಂಬೆವ್ವ ಏಳು ಜನ್ಮ ಕೂತು ಆರಿಸಿದರೂ.
ಆದರೆ ಕೀಲಿ ತಿರುಗಿತೋ,
ಅರಳೆಯೆಲ್ಲ ಮರಳಿ ತನ್ನ ತನ್ನ ಕಾಯೊಳಗೆ ಕೂರಬೇಕು.

ಹೇಳಲಿಲ್ಲ. ಅವಳ ಮಗನಿಗೆ ಜ್ವರ, ಐದೂವರೆಗೆ ಬಸ್ಸು.
ಚಹಾದ ಲೆಕ್ಕ, ಸಿರಿಂಜಿನ ಲೆಕ್ಕ ಬಿಚ್ಚೇ ಇರಲಿ ಎಂದೆ.
ಎಲ್ಲಕ್ಕೂ ಬೀಗ ಹಾಕಿದವನು ಬೇಸತ್ತು
ಎಲ್ಲ ಕೀಲಿಯನ್ನೂ ಒಂದೇ ಮೊಳೆಗೆ ನೇತುಹಾಕುತ್ತಾನೆ.
ಲ್ಯಾಪ್‌ಟಾಪು ಕಳುವಾದೀತು, ಅದಕ್ಕೆ ಇಡೀ ಡಿಸ್ಕಿನ ಕಾವಲು;
ತೆರೆದಿಟ್ಟು ಊಟಕ್ಕೆ ಎದ್ದುಹೋದರೆ ಆ ಕಾವಲೂ ಊಟಕ್ಕೆ ಬರುತ್ತದೆ,
ಹೆಸರಿನ ಫೈಲಿಗೆ ಅದರದೇ ಬೀಗ ಬೇರೆ ಬೇಕು.
ಕರ್ನೂಲಿಗೆ ಹೋಗುವ ಪೆನ್‌ಡ್ರೈವು
ಸೀಟಿನ ಸಂದಿಯಲ್ಲಿ ಬಿದ್ದೀತು,
ಅದಕ್ಕೆ ಅಪ್ಪನ ಟವೆಲ್ಲು.

ಉಳಿದದ್ದು ಕೀಲಿ.
ಒಂದಕ್ಕೊಂದು ನೆಂಟಸ್ತಿಕೆಯಿಲ್ಲದ ಏಳು ಪದ.
ಕಾಗದಕ್ಕೆ ಬರೆದು, ಲಕೋಟೆಗೆ ಅರಗು ಒತ್ತಿ
ಡಾಕ್ಟರರ ಕಬ್ಬಿಣದ ಬೀರುವಿನಲ್ಲಿಟ್ಟೆ.
ನಾಳೆ ನಾನೂ ಮೇಜಿನ ಮೇಲೆ ತಲೆಯಿಟ್ಟರೆ
ಯಾರ ಮಾತ್ರೆಯೂ ತಪ್ಪಬಾರದು.

ನಿನ್ನೆ ಅವರಲ್ಲೊಬ್ಬಳು ಬಂದಿದ್ದಳು.
ಕೂತ ಜನದ ನಡುವೆ, ಸೆರಗಿನ ಮರೆಯಲ್ಲಿ
ನನ್ನ ಕೈ ಹುಡುಕಿ ಒಂದು ಬೆರಳು ಒತ್ತಿದಳು.
ಅಪ್ಪನ ಲೆಕ್ಕದಲ್ಲಿ ಅದಕ್ಕೆ ಎಷ್ಟೋ,
ನಾನು ಕಲಿಯಲೇ ಇಲ್ಲ.