ಅಳತಿ

ನಾಲವಾರ ಟೇಸನ್ನಾಗ ಪ್ಯಾಸೆಂಜರ್ ನಿಲ್ಲೋದು ಒಂದು ನಿಮಿಷ.
ಜಂಪರಿಗಿ ಒಂದು ಹುಕ್ಕು ಹಚ್ಚಲಾಕ
ನನಗ ಅಷ್ಟೇ ಹೊತ್ತು ಬೇಕು.
ಆ ಹುಕ್ಕಿನ ಹೊತ್ತಿನಾಗ
ನಾನು, ಕಾಲಿನ ಕ್ಯಾಲಿಪರು, ಎರಡು ಊರುಗೋಲು,
ಕಲಬುರಗಿ ಅಂಗಡಿಗಿ ಮುಟ್ಟಿಸೋ ಮೂವತ್ತು ಜಂಪರಿನ ಗಂಟು
ಎಲ್ಲಾ ಮ್ಯಾಲ ಏರಬೇಕು.

ನನ್ನ ಹೊಲಿಗಿ ಮಷಿನ್ನಿಗಿ ಮೋಟಾರದ.
ನನಗಿಲ್ಲ.

ನಮ್ಮ ಡಬ್ಬಿ ಗಾಡಿ ಬಾಲಕ್ಕ, ಗಾರ್ಡನ ಬಾಜೂಕ.
ಪ್ಲಾಟ್‌ಫಾರ್ಮು ಅಷ್ಟು ದೂರ ಬರೋದಿಲ್ಲ,
ನೀರಿನ ನಳದ ಹತ್ತಿರ ಬಂದು ಸಾಕಾಗಿ ನಿಂತುಬಿಡ್ತದ.
ಅಲ್ಲಿಂದ ಮುಂದ ಜಲ್ಲಿಕಲ್ಲು,
ಕಲ್ಲಿನ ಮ್ಯಾಲ ನಾನು,
ನನ್ನ ತಲಿ ಮ್ಯಾಲ ಬಾಗಿಲು,
ಬಾಗಿಲ ಬಾಜೂಕ ಗಾಲಿಕುರ್ಚಿ ಚಿತ್ರ.
ನೀಲಿ ಬಣ್ಣ. ಭಾಳ ಚಂದ ತಗದಾರ.

ಒಂದಿನ ಸಿಗ್ನಲ್ ಬೀಳಲಿಲ್ಲ, ಗಾಡಿ ನಿಂತೇ ಇತ್ತು.
ಕೊಳ್ಳಾಗಿನ ಟೇಪು ತಗದು ಅಳದೆ.
ಕಲ್ಲಿನಿಂದ ಮೊದಲ ಮೆಟ್ಟಿಲಿಗಿ
ಮೂವತ್ತೊಂದು ಇಂಚು.
ಆರನೇತ್ತ ಓದೋ ಹುಡುಗಿ ಲಂಗದ ಉದ್ದ!
ಯಾರ ಅಳತಿ ತಗೊಂಡು ಇದನ್ನ ಹೊಲದಾರೋ,
ಹಂತಾ ಎತ್ತರದ ಮನುಷ್ಯಾ
ನಮ್ಮ ಕಡಿ ಇನ್ನಾ ಹುಟ್ಟಿಲ್ಲ.

ಒಳಗ ಚಿಲಕ ಬೇರೆ.
ಬಡದರ ಇಸ್ಪೀಟಿನವರು ಎದ್ದು ಬರೋದಿಲ್ಲ.
‘ಇದು ನಮ್ಮ ಡಬ್ಬಿ’ ಅಂದ್ರ
‘ನಮಗೂ ಮೊಣಕಾಲು ನೋವದ ಬಾಯಿ’ ಅಂತಾರ, ಎಲಿ ಒಗೀತಾರ.
ಚಿಲಕ ತಗಿಯೋದು ಗೌಸ್ ಪಾಷಾ.
ಯಾದಗಿರಿಗಿ ಹತ್ತಿರ್ತಾನ, ಬ್ಯಾಂಕಿನಾಗ ಫೋನ್ ಎತ್ತೋ ನೌಕರಿ.
ಕಣ್ಣು ಕಾಣೋದಿಲ್ಲ, ಆದ್ರ ನನ್ನ ಊರುಗೋಲಿನ ಸಪ್ಪಳ
ಕಲ್ಲಿನ ಮ್ಯಾಲ ಇದ್ದಾಗೇ ಗುರುತು ಹಿಡೀತಾನ.
ಕೈ ಚಾಚತಾನ, ಒಂದೀಟು ಬಾಜೂಕ.
ಆ ಕೈ ಹಿಡದು ನನ್ನ ಕಡಿ ತಿರುಗಿಸಿಕೊಂಡು
ಏರತೀನಿ.

ಸುಳ್ಳು ಹೇಳಬಾರದು, ಒಳಗ ಸವಲತ್ತು ಅದಾವ.
ಪಾಯಖಾನಿ ದೊಡ್ಡದು, ಗ್ವಾಡಿಗಿ ಸ್ಟೀಲಿನ ಹಿಡಿಕಿ,
ಅದರಾಗ ಉಳ್ಳಾಗಡ್ಡಿ ಚೀಲ.
ಸೀಟಿಗೊಂದು ಉಬ್ಬುಚುಕ್ಕಿ ಫಲಕ.
‘ಮಾಣಿಕಮ್ಮ, ಐದನೇ ಸೀಟಿಂದು ತಲಿಕೆಳಗ ಬಡದಾರ,’
ಬೆರಳು ಆಡಿಸಕೋತ ಹೇಳಿದ,
‘ಅಂಕಿ ಹೋಗಿ ಅಕ್ಷರ ಆಗ್ಯಾವ.’
ಏನಂತ ಅದ?
‘ಏನೂ ಅಲ್ಲ. ಸ್ಕ್ರೂ ಮಾತ್ರ ನಾಕೂ ಗಟ್ಟಿ ಅದಾವ.
ಇದನ್ನ ಓದಿದವ
ನಾನೊಬ್ಬನೇ ಇರಬೇಕು.’
ನಕ್ಕೆವು. ಇಸ್ಪೀಟಿನವರೂ ನಕ್ಕರು, ಯಾಕಂತ ಗೊತ್ತಿಲ್ಲದ.

ವಾಡಿ ಜಂಕ್ಷನ್ನಿಗಿ ಕಬ್ಬಿಣದ ರ‍್ಯಾಂಪು ಬಂದದ.
ಕಿಟಕ್ಯಾಗ ನೋಡೀನಿ.
ಪಾರ್ಸಲ್ಲಿನವರು ಅದರ ಮ್ಯಾಲ ಬುಲೆಟ್ ಗಾಡಿ ಏರಸ್ತಾರ,
ಇಬ್ಬರು ಹಿಂದ, ಒಬ್ಬ ಮುಂದ, ‘ಹುಷಾರ್, ಹುಷಾರ್’ ಅಂತ.
ಮದುಮಗನ್ನ ಕರಕೊಂಡು ಹೋದಂಗ ಹೋಗ್ತದ ಅದು.

ಮೊನ್ನೆ ನಾಲವಾರದಾಗ ಹೊಸ ಮಾಸ್ತರ,
ತೆಲುಗಿನ ಹುಡುಗ, ಮೀಸಿ ಈಗ ಕೂಡಲಾಕತ್ತದ.
ದೂರಿನ ಪುಸ್ತಕ ಕೇಳಿದೆ. ಧೂಳು ಒರಸಿ ಕೊಟ್ಟ.
ನನಗ ದೂರು ಬರಿಯಲಾಕ ಬರೋದಿಲ್ಲ,
ಅಳತಿ ಬರೀಲಾಕ ಬರ್ತದ:
ನಾಲವಾರ ಟೇಸನ್.
ಎತ್ತರ ೩೧. ಸಂದು ೧೨.
ಉದ್ದ ಸಾಲೋದಿಲ್ಲ, ಎರಡು ಡಬ್ಬಿ ಕಮ್ಮಿ.
ಐದನೇ ನಂಬರ್ ಬಿಚ್ಚಿ ತಿರುಗಿಸಿ ಹಚ್ಚೋದು.

ಎರಡು ಸಲ ಓದಿದ. ‘ಮಾಡ್ಸೋಣಮ್ಮಾ.’
ಯಾವಾಗ ಕೊಡ್ತಿ?
ತಟಕ್ಕನ ಬಂತು ಬಾಯಿಗಿ,
ನನ್ನ ಮಷಿನ್ನಿನ ಮುಂದ ನಿಂತು
ಊರಿನ ಹೆಣಮಕ್ಕಳೆಲ್ಲಾ ಕೇಳೋ ಮಾತು.
ಕ್ಯಾಲೆಂಡರ್ ಕಡಿ ನೋಡಿದ,
‘ಮುಂದಿನ ಸೋಮವಾರ’ ಅಂದ.

ಆ ಸೋಮವಾರ ನನಗ ಗೊತ್ತು.
ಇಪ್ಪತ್ತು ವರ್ಷ ನಾನೇ ಕತ್ತರಿಸಿ ಕತ್ತರಿಸಿ
ಎಲ್ಲರಿಗೂ ಹಂಚಿದ ಸೋಮವಾರ ಅದು.
ಆದ್ರ ತಮ್ಮಾ, ಬೈಸಿಕೊಂಡಾದ್ರೂ
ನಾ ಕಡೀಕ ಕೊಟ್ಟೀನಿ.

ಗಾಡಿ ಕೂಗಿತು.
ಗಂಟು ಎತ್ತಿಕೊಂಡೆ, ನಳ ದಾಟಿದೆ,
ಕಲ್ಲಿಗಿ ಇಳದೆ.